ಡಾಕ್ಟರ್ ಆಗಬೇಕೆನ್ನುವ ಮಗುವಿಗೆ ಯಾವ ಕಾಲೇಜು?

(ರಿಸರ್ಚ್ ಟ್ರಯಾಂಗಲ್ ಪಾರ್ಕ್ ಸುತ್ತಮುತ್ತಲಿನ ಕನ್ನಡ ತಂದೆತಾಯಿಯರ ಸಭೆಯಲ್ಲಿ, ಇಲ್ಲಿ ವೈದ್ಯರಾಗಿರುವ ನಮ್ಮ ಗೆಳೆಯರೊಬ್ಬರು ಆಡಿದ ಮಾತುಗಳ ಬರಹರೂಪ. ವಾಷಿಂಗ್ಟನ್, ಅಟ್ಲಾಂಟಾ ಕಡೆಯ ಓದುಗರಿಗೂ ಉಪಯೋಗವಾಗಲಿ ಎಂದು ಪೂರ್ತಿಯಾಗಿ ಕೊಟ್ಟಿದ್ದೇವೆ. - ಸಂ.)



ಶನಿವಾರ ಬೆಳಗ್ಗೆ ಸಾಕರ್, ಭರತನಾಟ್ಯ, ಡ್ರೈವಿಂಗ್ ಕ್ಲಾಸು ಎಲ್ಲ ಬಿಟ್ಟು ಕ್ಯಾರಿ, ಮಾರಿಸ್‌ವಿಲ್, ಏಪೆಕ್ಸ್‌ನಿಂದ ಇಷ್ಟು ಜನ ಬಂದಿದ್ದೀರಿ ಅಂದರೆ ವಿಷಯ ಎಷ್ಟು ಬಿಸಿ ಇದೆ ಅಂತ ಗೊತ್ತಾಗುತ್ತದೆ. ಕನ್ನಡ ಕಲಿ ತರಗತಿ ಬಗ್ಗೆ ಸಭೆ ಕರೆದರೂ ಇಷ್ಟೇ ಜನ ಬರುವ ಹಾಗಾಗಲಿ ಅಂತ ಹಾರೈಸಿ ಶುರು ಮಾಡುತ್ತೇನೆ.

ಮೊದಲೇ ಒಂದು ಮಾತು. ನಾನು ಕರ್ನಾಟಕದಲ್ಲಿ ಎಂಬಿಬಿಎಸ್ ಮಾಡಿ, ಪರೀಕ್ಷೆಗಳನ್ನು ಬರೆದು, ಇಲ್ಲಿ ರೆಸಿಡೆನ್ಸಿ ಮಾಡಿದವನು. ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ನಡೆಯುವ ದಾರಿ ನಾನು ನಡೆದ ದಾರಿಯಲ್ಲ. ಮನೆಯ ಮಕ್ಕಳಿಂದ, ಗೆಳೆಯರ ಮಕ್ಕಳಿಂದ, ಜೊತೆಯಲ್ಲಿ ಕೆಲಸ ಮಾಡುವ ಕಿರಿಯ ಡಾಕ್ಟರುಗಳಿಂದ ಕೇಳಿ ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮ ತಲೆಯಲ್ಲಿ ಕೂತಿರುವ ಸಿಇಟಿ

ನಮ್ಮಲ್ಲಿ ಬಹಳ ಜನ 1994ರಲ್ಲಿ ಶುರುವಾದ ಸಿಇಟಿ ಬರೆದು ಬಂದವರು, ಇಲ್ಲವೇ ಅದಕ್ಕೂ ಮೊದಲು ಪಿಯುಸಿ ಅಂಕದ ಮೇಲೆ ಸೀಟು ಪಡೆದವರು. ನಮಗೆ ಗೊತ್ತಿರುವ ಲೆಕ್ಕ ಒಂದೇ. ಒಂದು ಪರೀಕ್ಷೆ, ಒಂದು ರ‍್ಯಾಂಕು, ಒಂದು ಕೌನ್ಸೆಲಿಂಗ್ ದಿನ. ಮೈಸೂರು ಮೆಡಿಕಲ್ ಸಿಕ್ಕಿತು, ಹುಬ್ಬಳ್ಳಿ ಕೆಎಂಸಿ ಸಿಕ್ಕಿತು, ಅಲ್ಲಿಗೆ ಜೀವನ ಸೆಟ್ಲ್! ಹದಿನೇಳು ಹದಿನೆಂಟು ವರ್ಷಕ್ಕೆ ನಿರ್ಧಾರ ಮುಗಿಯಿತು. ಐದೂವರೆ ವರ್ಷಕ್ಕೆ ಇಂಟರ್ನ್‌ಶಿಪ್ ಸಮೇತ ಡಾಕ್ಟರ್.

ಈ ದೇಶದಲ್ಲಿ ಆ ಲೆಕ್ಕ ನಡೆಯುವುದಿಲ್ಲ. 1893ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಮೆಡಿಕಲ್ ಸ್ಕೂಲು ಶುರುವಾದಾಗ, ಪದವಿ ಮುಗಿಸಿದವರಿಗೆ ಮಾತ್ರ ಪ್ರವೇಶ ಅಂದಿತು. 1910ರಲ್ಲಿ ಏಬ್ರಹಾಂ ಫ್ಲೆಕ್ಸ್ನರ್ ಬರೆದ ವರದಿ ಅದನ್ನೇ ಮಾದರಿ ಅಂತ ಎತ್ತಿ ಹಿಡಿಯಿತು. ಆಮೇಲೆ ಅನೇಕ ಸಣ್ಣ ಮೆಡಿಕಲ್ ಸ್ಕೂಲುಗಳು ಮುಚ್ಚಿಹೋದವು. ನಮ್ಮ ರಾಲಿಯಲ್ಲೇ ಶಾ ಯೂನಿವರ್ಸಿಟಿಯಲ್ಲಿ ಕಪ್ಪು ಜನರಿಗಾಗಿ ನಡೆಯುತ್ತಿದ್ದ ಲಿಯೊನಾರ್ಡ್ ಮೆಡಿಕಲ್ ಸ್ಕೂಲು 1918ರಲ್ಲಿ ನಿಂತಿತು. ಅಂದಿನಿಂದ ಇಲ್ಲಿನ ಪದ್ಧತಿ ನಾಲ್ಕು ವರ್ಷ ಕಾಲೇಜು, ನಾಲ್ಕು ವರ್ಷ ಮೆಡಿಕಲ್ ಸ್ಕೂಲು, ಆಮೇಲೆ ಮೂರರಿಂದ ಏಳು ವರ್ಷ ರೆಸಿಡೆನ್ಸಿ.

ಅಂದರೆ ಹದಿನೆಂಟನೇ ವಯಸ್ಸಿಗೆ ನೀವು ಆರಿಸುತ್ತಿರುವುದು ಮೆಡಿಕಲ್ ಸೀಟನ್ನಲ್ಲ. ಮುಂದೆ ಅರ್ಜಿ ಹಾಕಲು ಮಗು ಎಲ್ಲಿ ತಯಾರಾಗುತ್ತದೆ ಅನ್ನುವ ಜಾಗವನ್ನು. ಇದೊಂದು ಮನಸ್ಸಿಗೆ ಇಳಿದರೆ ನನ್ನ ಅರ್ಧ ಭಾಷಣ ಮುಗಿದ ಹಾಗೆ.

ಅಂಕಿಗಳು ಏನು ಹೇಳುತ್ತವೆ?

2023-24ರ ಸಾಲಿನಲ್ಲಿ ಅಮೆರಿಕದ ಎಂಡಿ ಶಾಲೆಗಳಿಗೆ ಅರ್ಜಿ ಹಾಕಿದವರು ಸುಮಾರು 52,500 ಜನ. ಸೇರಿದವರು ಸುಮಾರು 23,000. ಅಂದರೆ ಅರ್ಧಕ್ಕಿಂತ ಹೆಚ್ಚು ಜನ ಆ ವರ್ಷ ಬರಿಗೈಯಲ್ಲಿ ಉಳಿದರು. ಇದು ಅರ್ಜಿ ಹಾಕುವ ತನಕ ಬಂದವರ ಲೆಕ್ಕ. ಮೊದಲ ವರ್ಷ 'ನಾನು ಪ್ರಿಮೆಡ್' ಅಂತ ಹೇಳಿಕೊಂಡು, ಆರ್ಗ್ಯಾನಿಕ್ ಕೆಮಿಸ್ಟ್ರಿ ಹೊತ್ತಿಗೆ ದಾರಿ ಬದಲಿಸಿದವರು ಈ ಲೆಕ್ಕದಲ್ಲಿ ಬರುವುದೇ ಇಲ್ಲ.

ಸೇರಿದವರ ಸರಾಸರಿ ಜಿಪಿಎ 3.77, ಎಂಕ್ಯಾಟ್ ಅಂಕ 511.7. ಎಂಕ್ಯಾಟ್ 472ರಿಂದ 528ರ ತನಕ, ನಾಲ್ಕು ಭಾಗ. 2015ರಲ್ಲಿ ಪರೀಕ್ಷೆ ಬದಲಾದಾಗಿನಿಂದ ಮನಶ್ಶಾಸ್ತ್ರ, ಸಮಾಜಶಾಸ್ತ್ರಕ್ಕೇ ಒಂದು ಭಾಗ ಇದೆ, ಓದಿ ಅರ್ಥ ಮಾಡಿಕೊಳ್ಳುವುದಕ್ಕೆ ಇನ್ನೊಂದು ಭಾಗ. ನಮ್ಮ ಮಕ್ಕಳು ಕೆಮಿಸ್ಟ್ರಿಯಲ್ಲಿ ಎಡವುವುದಕ್ಕಿಂತ ಈ ಓದುವ ಭಾಗದಲ್ಲಿ ಎಡವುವುದನ್ನು ಹೆಚ್ಚು ನೋಡಿದ್ದೇನೆ. ಚಿಕ್ಕಂದಿನಿಂದ ಬರೀ ಗಣಿತದ ಟ್ಯೂಷನ್ ಹಾಕಿಸಿದ ನಮಗೆ ಇದು ಯೋಚನೆ ಮಾಡಬೇಕಾದ ವಿಷಯ.

ಇಲ್ಲಿ ಗಮನಿಸಿ. ಅರ್ಜಿ ನೋಡುವ ಮೆಡಿಕಲ್ ಸ್ಕೂಲಿಗೆ ಮೊದಲು ಕಾಣುವುದು ಈ ಎರಡು ಸಂಖ್ಯೆ. ಕಾಲೇಜಿನ ಹೆಸರಿಗೆ ತೂಕ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಹೆಸರುವಾಸಿ ಕಾಲೇಜಿನ 3.3 ಜಿಪಿಎ, ನಮ್ಮ ರಾಜ್ಯದ ಕಾಲೇಜಿನ 3.9ರ ಮುಂದೆ ನಿಲ್ಲುವುದು ಕಷ್ಟ. ಒಂದು ದೊಡ್ಡ ಹೆಸರಿನ ಸ್ಟಿಕರನ್ನು ಕಾರಿನ ಹಿಂದೆ ಅಂಟಿಸಿಕೊಳ್ಳುವುದು ನಮಗೆ ಖುಷಿ. ಅಲ್ಲಿ ಕೂತು 'ಕರ್ವ್' ಮೇಲೆ ಅಂಕ ಪಡೆಯಬೇಕಾದವರು ಮಕ್ಕಳು.

ಟ್ರಯಾಂಗಲ್‌ನ ಲೆಕ್ಕ

ನಾವು ಪುಣ್ಯವಂತರು ಸ್ವಾಮಿ. 1959ರಲ್ಲಿ ಡ್ಯೂಕ್, ಚಾಪೆಲ್ ಹಿಲ್, ಎನ್‌ಸಿ ಸ್ಟೇಟ್ ಈ ಮೂರು ವಿಶ್ವವಿದ್ಯಾಲಯಗಳ ನಡುವಿನ ಪೈನ್ ಕಾಡಿನಲ್ಲಿ ಈ ಪಾರ್ಕ್ ಶುರು ಮಾಡಿದರು. 1965ರಲ್ಲಿ ಐಬಿಎಂ ಬರುವ ನಿರ್ಧಾರ ಮಾಡಿದ ಮೇಲೆ ಊರು ಬೆಳೆಯಿತು, ಅದರ ಹಿಂದೆ ನಾವೂ ಬಂದೆವು. ನಮ್ಮನ್ನು ಇಲ್ಲಿಗೆ ಕರೆತಂದ ಆ ಮೂರು ಮೂಲೆಗಳೇ ಇವತ್ತು ನಮ್ಮ ಮಕ್ಕಳ ಮುಂದಿರುವ ಆಯ್ಕೆಗಳು.

ಚಾಪೆಲ್ ಹಿಲ್ ತೆಗೆದುಕೊಳ್ಳಿ. ಹೊರರಾಜ್ಯದ ಹೊಸ ವಿದ್ಯಾರ್ಥಿಗಳಿಗೆ 1986ರಲ್ಲಿ ಹಾಕಿದ ಶೇ. 18ರ ಮಿತಿಯಿಂದಾಗಿ, ದಶಕಗಳಿಂದ ಅಲ್ಲಿನ ಬಹುಪಾಲು ಸೀಟು ನಮ್ಮ ರಾಜ್ಯದ ಮಕ್ಕಳಿಗೇ ಹೋಗುತ್ತಿದೆ. ರಾಜ್ಯದವರಿಗೆ ಟ್ಯೂಷನ್ ಮತ್ತು ಫೀ ಸೇರಿ ವರ್ಷಕ್ಕೆ ಸುಮಾರು 9 ಸಾವಿರ ಡಾಲರ್. ಹಾಸ್ಟೆಲು, ಊಟ ಎಲ್ಲ ಸೇರಿದರೆ 27-28 ಸಾವಿರ. ಹತ್ತು ಮೈಲಿ ಆಚೆ ಡರ್ಹಮ್‌ನಲ್ಲಿ ಡ್ಯೂಕ್. ಅಲ್ಲಿ ಪೂರ್ತಿ ಕೊಡುವವರಿಗೆ ವರ್ಷಕ್ಕೆ 90 ಸಾವಿರ ಡಾಲರ್ ಆಸುಪಾಸು. 2023ರಲ್ಲಿ ಡ್ಯೂಕ್ ಒಂದು ಒಳ್ಳೆಯ ಕೆಲಸ ಮಾಡಿತು. ನಾರ್ತ್ ಮತ್ತು ಸೌತ್ ಕ್ಯಾರೊಲಿನಾದ ಕುಟುಂಬಗಳ ಆದಾಯ 1,50,000 ಡಾಲರ್‌ಗಿಂತ ಕಡಿಮೆ ಇದ್ದರೆ ಟ್ಯೂಷನ್ ಮಾಫಿ ಅಂತ ಘೋಷಿಸಿತು. ಆದರೆ ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಆಗಿರುವ ನಮ್ಮ ಮನೆಗಳಲ್ಲಿ ಹೆಚ್ಚಿನವು ಆ ಗೆರೆ ದಾಟುತ್ತವೆ. ಸಹಾಯಕ್ಕೆ ಶ್ರೀಮಂತರು, ಖರ್ಚಿಗೆ ಬಡವರು. ಇದು ನಮ್ಮ ಸ್ಥಿತಿ!

ಈಗ ಗುಣಾಕಾರ ಮಾಡಿ. ನಾಲ್ಕು ವರ್ಷಕ್ಕೆ ಒಂದು ಕಡೆ ಸುಮಾರು 1 ಲಕ್ಷ 10 ಸಾವಿರ, ಇನ್ನೊಂದು ಕಡೆ 3 ಲಕ್ಷ 60 ಸಾವಿರ. ನಡುವಿನ ಎರಡೂವರೆ ಲಕ್ಷ ಡಾಲರ್ ಮೆಡಿಕಲ್ ಸ್ಕೂಲಿನ ದುಡ್ಡು.

ಇದು ಮೊದಲಿಗಿಂತ ಈಗ ಹೆಚ್ಚು ಮುಖ್ಯ. ಮುಂಚೆ ಮೆಡಿಕಲ್ ವಿದ್ಯಾರ್ಥಿಗಳು ಗ್ರ್ಯಾಡ್ ಪ್ಲಸ್ ಎನ್ನುವ ಫೆಡರಲ್ ಸಾಲದಲ್ಲಿ ಪೂರ್ತಿ ಖರ್ಚನ್ನು ಎತ್ತಬಹುದಿತ್ತು. 2025ರ ಜುಲೈನಲ್ಲಿ ಆದ ಕಾನೂನು, 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಅದನ್ನು ನಿಲ್ಲಿಸಿದೆ. ವೈದ್ಯಕೀಯದಂಥ ವೃತ್ತಿಪದವಿಗೆ ಫೆಡರಲ್ ಸಾಲ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರ್ ಮಾತ್ರ. ಖಾಸಗಿ ಮೆಡಿಕಲ್ ಸ್ಕೂಲಿನ ನಾಲ್ಕು ವರ್ಷದ ಒಟ್ಟು ಖರ್ಚು 3 ಲಕ್ಷ ದಾಟುವುದು ಈಗ ಸಾಮಾನ್ಯ. ಮಿಕ್ಕದ್ದನ್ನು ಯಾರು ಕೊಡಬೇಕು? ಖಾಸಗಿ ಬ್ಯಾಂಕು, ಇಲ್ಲವೇ ಅಪ್ಪ ಅಮ್ಮನ 401ಕೆ. ಕಾಲೇಜಿನಲ್ಲಿ ಉಳಿಸಿದ ಪ್ರತಿ ಡಾಲರೂ ಆಮೇಲೆ ನಿಮ್ಮ ಮಗುವಿನ ಸ್ವಾತಂತ್ರ್ಯ. ಎರಡು ಮೂರು ಲಕ್ಷ ಸಾಲ ಹೊತ್ತ ಹೊಸ ಡಾಕ್ಟರಿಗೆ ಮಕ್ಕಳ ವೈದ್ಯಳಾಗುತ್ತೇನೆ, ಹಳ್ಳಿಯಲ್ಲಿ ಕೆಲಸ ಮಾಡುತ್ತೇನೆ ಅನ್ನುವ ಧೈರ್ಯ ಬರುವುದು ಕಷ್ಟ.

ನ್ಯೂಯಾರ್ಕ್ ಯೂನಿವರ್ಸಿಟಿ 2018ರಲ್ಲಿ, ಐನ್‌ಸ್ಟೈನ್ 2024ರಲ್ಲಿ ಮೆಡಿಕಲ್ ಟ್ಯೂಷನ್ ಮಾಫಿ ಮಾಡಿದವು ಅಂತ ಯಾರಾದರೂ ಹೇಳುತ್ತೀರಿ. ನಿಜ. ಆದರೆ ಅಂಥ ಕಡೆ ಸೀಟು ಸಿಕ್ಕೇ ಸಿಗುತ್ತದೆ ಅಂತ ಮನೆಯ ಬಜೆಟ್ ಬರೆಯುವುದು, ಲಾಟರಿ ಟಿಕೆಟ್ ನಂಬಿ ಮನೆ ಕಟ್ಟಿದ ಹಾಗೆ.

ರಾಜ್ಯ ಬಿಟ್ಟು ಹೋಗಬೇಕೆ?

ಮೆಡಿಕಲ್ ಸ್ಕೂಲಿಗೆ ನೀವು ಯಾವ ರಾಜ್ಯದ ನಿವಾಸಿ ಅನ್ನುವುದು ಬಹಳ ದೊಡ್ಡ ವಿಷಯ. ಗ್ರೀನ್‌ವಿಲ್‌ನ ಈಸ್ಟ್ ಕ್ಯಾರೊಲಿನಾ ಯೂನಿವರ್ಸಿಟಿಯ ಬ್ರೋಡಿ ಮೆಡಿಕಲ್ ಸ್ಕೂಲು ನಾರ್ತ್ ಕ್ಯಾರೊಲಿನಾ ನಿವಾಸಿಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ. ಚಾಪೆಲ್ ಹಿಲ್ ಮೆಡಿಕಲ್ ಸ್ಕೂಲಿನಲ್ಲೂ ಬಹುಪಾಲು ನಮ್ಮ ರಾಜ್ಯದವರೇ. ಇವಲ್ಲದೆ ಡ್ಯೂಕ್ ಇದೆ, ವೇಕ್ ಫಾರೆಸ್ಟ್ ಇದೆ, ವೇಕ್ ಫಾರೆಸ್ಟಿನದೇ ಷಾರ್ಲೆಟ್ ಕ್ಯಾಂಪಸ್ 2025ರಲ್ಲಿ ಶುರುವಾಯಿತು. 2013ರಲ್ಲಿ ಶುರುವಾದ ಕ್ಯಾಂಪ್‌ಬೆಲ್ ಯೂನಿವರ್ಸಿಟಿಯ ಆಸ್ಟಿಯೋಪಥಿಕ್ ಶಾಲೆಯೂ ಇದೆ. 'ಡಿಓ' ಅಂದರೆ ಮೂಗು ಮುರಿಯಬೇಡಿ. 2020ರಿಂದ ಎಂಡಿ, ಡಿಓ ಎರಡಕ್ಕೂ ರೆಸಿಡೆನ್ಸಿಯ ಮಾನ್ಯತೆ ಒಂದೇ ವ್ಯವಸ್ಥೆಯಲ್ಲಿದೆ.

ಮಗು ಓದಲು ಬೇರೆ ರಾಜ್ಯಕ್ಕೆ ಹೋದರೂ, ತಂದೆತಾಯಿ ಇಲ್ಲೇ ಇದ್ದು ಮಗು ಅವರ ಅವಲಂಬಿಯಾಗಿದ್ದರೆ ಸಾಮಾನ್ಯವಾಗಿ ಇಲ್ಲಿನ ನಿವಾಸಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಹೊರಗೆ ಹೋದರೆ ಊರಿನ ಬಾಗಿಲು ಮುಚ್ಚುತ್ತದೆ ಅನ್ನುವ ಭಯ ಬೇಡ. ಅದು ಖರ್ಚಿನ ಪ್ರಶ್ನೆ, ಮಗುವಿನ ಮನಸ್ಸಿನ ಪ್ರಶ್ನೆ.

ಅಟ್ಲಾಂಟಾ ಕಡೆಯ ಗೆಳೆಯರಿಗೂ ಇದೇ ಲೆಕ್ಕ. ಜಾರ್ಜಿಯಾದಲ್ಲಿ 1993ರಿಂದ ಹೋಪ್ ಸ್ಕಾಲರ್‌ಶಿಪ್ ಇದೆ, ಅಗಸ್ಟಾದ ಮೆಡಿಕಲ್ ಕಾಲೇಜ್ ಆಫ್ ಜಾರ್ಜಿಯಾ ತನ್ನ ರಾಜ್ಯದವರಿಗೇ ಮೊದಲ ಮಣೆ ಹಾಕುತ್ತದೆ. ವಾಷಿಂಗ್ಟನ್ ಕಡೆಯವರಿಗೆ ಬಾಲ್ಟಿಮೋರ್ ಪಕ್ಕದ ಯುಎಂಬಿಸಿ ಕಾಲೇಜಿನ ಹೆಸರು ಹೇಳುತ್ತೇನೆ. 1988ರಲ್ಲಿ ಅಲ್ಲಿ ಮೇಯರ್‌ಹಾಫ್ ಸ್ಕಾಲರ್ಸ್ ಎನ್ನುವ ಯೋಜನೆ ಶುರುವಾಯಿತು. ನಮ್ಮ ಹಿಲ್ಸ್‌ಬರೋದಲ್ಲಿ ಬೆಳೆದ ಕಿಜ್ಮೇಕಿಯಾ ಕಾರ್ಬೆಟ್ ಅಲ್ಲಿ ಓದಿ, ಚಾಪೆಲ್ ಹಿಲ್‌ನಲ್ಲಿ 2014ರಲ್ಲಿ ಪಿಎಚ್‌ಡಿ ಮಾಡಿ, ಕೋವಿಡ್ ಕಾಲದಲ್ಲಿ ಮಾಡರ್ನಾ ಲಸಿಕೆಯ ಹಿಂದಿನ ಸಂಶೋಧನೆಯಲ್ಲಿ ಮುಂಚೂಣಿಯಲ್ಲಿದ್ದರು. ಆಕೆ ವೈದ್ಯೆಯಲ್ಲ, ವಿಜ್ಞಾನಿ. ಆದರೂ ಹೇಳಿದೆ. ಯಾಕೆಂದರೆ ನಮ್ಮ ಪಾರ್ಟಿಗಳಲ್ಲಿ ಯಾರ ಬಾಯಲ್ಲೂ ಬರದ ಕಾಲೇಜು ಒಂದು ಮಗುವನ್ನು ಎಷ್ಟು ದೂರ ಕರೆದುಕೊಂಡು ಹೋಗಬಹುದು ಅನ್ನುವುದಕ್ಕೆ ಅದು ಸಾಕ್ಷಿ.

ಮಂಡ್ಯದ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ ಹಾರ್ವರ್ಡ್, ಯೇಲ್‌ನಲ್ಲಿ ಓದಿ ಎರಡು ಸಲ ಅಮೆರಿಕದ ಸರ್ಜನ್ ಜನರಲ್ ಆದರಲ್ಲ ಅಂತ ನೀವು ಕೇಳುತ್ತೀರಿ. ನಮಗೆಲ್ಲ ಹೆಮ್ಮೆ. ಮಗುವಿಗೆ ಹಾರ್ವರ್ಡ್ ಸಿಕ್ಕಿ, ಖರ್ಚು ನಿಭಾಯಿಸಲು ಆಗಿ, ಮಗುವಿಗೂ ಇಷ್ಟವಿದ್ದರೆ ಖಂಡಿತ ಕಳಿಸಿ. ಅವರ ತಂದೆತಾಯಿ ಮಯಾಮಿಯಲ್ಲಿ ನಡೆಸುತ್ತಿದ್ದ ಕ್ಲಿನಿಕ್ಕಿನಲ್ಲಿ ರೋಗಿಗಳನ್ನು ನೋಡುತ್ತ ಬೆಳೆದದ್ದರಿಂದ ವೈದ್ಯಕೀಯದ ಕಡೆ ಒಲವು ಬಂತು ಅಂತ ಅವರೇ ಹೇಳಿಕೊಂಡಿದ್ದಾರೆ. ನಾವು ಹಾರ್ವರ್ಡ್ ಅನ್ನು ನೆನಪಿಟ್ಟುಕೊಳ್ಳುತ್ತೇವೆ, ಕ್ಲಿನಿಕ್ಕನ್ನು ಮರೆಯುತ್ತೇವೆ.

ಹೈಸ್ಕೂಲಿನಲ್ಲೇ ಶುರುವಾಗುವ ಜಿಪಿಎ

ಈ ವಿಷಯ ಬಹಳ ಮನೆಗಳಿಗೆ ಗೊತ್ತಿಲ್ಲ, ಅದಕ್ಕೆ ನಿಧಾನವಾಗಿ ಹೇಳುತ್ತೇನೆ. ನಮ್ಮ ಮಕ್ಕಳು ಹನ್ನೊಂದನೇ, ಹನ್ನೆರಡನೇ ತರಗತಿಯಲ್ಲಿ ವೇಕ್ ಟೆಕ್‌ನಂಥ ಕಮ್ಯೂನಿಟಿ ಕಾಲೇಜಿನಲ್ಲಿ ಕೋರ್ಸ್ ತೆಗೆದುಕೊಳ್ಳುತ್ತಾರೆ. ದುಡ್ಡು ಉಳಿಯುತ್ತದೆ, ಒಳ್ಳೆಯದೇ. ಆದರೆ ಅಲ್ಲಿ ಸಿಕ್ಕ ಗ್ರೇಡು ಕಾಲೇಜಿನ ಗ್ರೇಡು. ಎಂಡಿ ಶಾಲೆಗಳ ಅರ್ಜಿ ಹೋಗುವ ಆಮ್ಕ್ಯಾಸ್ ವ್ಯವಸ್ಥೆ, ಎಲ್ಲ ಕಾಲೇಜುಗಳ ಎಲ್ಲ ಗ್ರೇಡುಗಳನ್ನೂ ಸೇರಿಸಿ ಜಿಪಿಎ ಲೆಕ್ಕ ಹಾಕುತ್ತದೆ. ಫೇಲಾಗಿ ಮತ್ತೆ ತೆಗೆದುಕೊಂಡರೂ ಎರಡೂ ಲೆಕ್ಕಕ್ಕೆ ಬರುತ್ತವೆ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಮ್ಯಾಥ್ಸ್ ಸೇರಿಸಿ ಬೇರೆಯೇ ಒಂದು ಜಿಪಿಎ ಇದೆ. ಹದಿನಾರನೇ ವಯಸ್ಸಿನಲ್ಲಿ ಹುಡುಗಾಟಕ್ಕೆ ತೆಗೆದುಕೊಂಡ ಒಂದು ಕ್ಯಾಲ್ಕುಲಸ್ ಸಿ ಗ್ರೇಡು ಐದಾರು ವರ್ಷ ಆದ ಮೇಲೆ ಬಂದು ಬಾಗಿಲು ತಟ್ಟುತ್ತದೆ. ತೆಗೆದುಕೊಳ್ಳುವುದಾದರೆ ಮನಸ್ಸಿಟ್ಟು ಓದಲಿ ಅಂತ ಇವತ್ತೇ ಹೇಳಿ.

ಎಪಿ ಪರೀಕ್ಷೆಯ ಕ್ರೆಡಿಟ್ಟೂ ಹಾಗೇ. ಹನ್ನೆರಡು ಎಪಿ ಮಾಡಿ ಮೂರೇ ವರ್ಷಕ್ಕೆ ಪದವಿ ಮುಗಿಸಿದರೆ ದುಡ್ಡು ಉಳಿಯಿತು ಅಂದುಕೊಳ್ಳುತ್ತೇವೆ. ಕೆಲವು ಮೆಡಿಕಲ್ ಸ್ಕೂಲುಗಳು ಎಪಿ ಕೆಮಿಸ್ಟ್ರಿ, ಎಪಿ ಬಯಾಲಜಿಯನ್ನು ಒಪ್ಪುವುದಿಲ್ಲ, ಅಥವಾ ಅದರ ಮೇಲಿನ ಹಂತದ ಕೋರ್ಸ್ ಮಾಡಿರಬೇಕು ಅನ್ನುತ್ತವೆ. ಪ್ರತಿ ಶಾಲೆಯ ನಿಯಮ ಬೇರೆ. ಓದಿ ನೋಡಿ. ಅಲ್ಲದೆ ಮೂರು ವರ್ಷದಲ್ಲಿ ಆಸ್ಪತ್ರೆ ಅನುಭವ, ಲ್ಯಾಬ್ ಕೆಲಸ, ಎಂಕ್ಯಾಟ್ ಎಲ್ಲ ಎಲ್ಲಿ ತುರುಕುತ್ತೀರಿ? ಇವತ್ತು ಮೆಡಿಕಲ್ ಸ್ಕೂಲು ಸೇರುವವರಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚು ಜನ ಪದವಿ ಮುಗಿಸಿ ಒಂದೆರಡು ವರ್ಷ ಬಿಟ್ಟು ಸೇರುತ್ತಿದ್ದಾರೆ. 'ಗ್ಯಾಪ್ ಇಯರ್' ಅಂದರೆ ನಮ್ಮೂರಿನ 'ಒಂದು ವರ್ಷ ಹೋಯ್ತು' ಅಲ್ಲ. ಅತ್ತೆ ಮಾವ ಫೋನಿನಲ್ಲಿ ಕೇಳಿದಾಗ ಸಂಕೋಚ ಪಡಬೇಡಿ.

ಎಂಟು ವರ್ಷದ ಗ್ಯಾರಂಟಿ ಸೀಟು

ಬಿಎಸ್-ಎಂಡಿ ಅಂತ ಕೇಳಿರುತ್ತೀರಿ. ಹೈಸ್ಕೂಲಿನಿಂದಲೇ ಕಾಲೇಜು, ಮೆಡಿಕಲ್ ಎರಡಕ್ಕೂ ಸೇರಿಸಿಕೊಳ್ಳುವ ಪದ್ಧತಿ. ಬ್ರೌನ್ ಯೂನಿವರ್ಸಿಟಿಯಲ್ಲಿ ಎಂಟು ವರ್ಷದ್ದಿದೆ, ಕ್ಯಾನ್ಸಸ್ ಸಿಟಿಯ ಮಿಸೌರಿ ಯೂನಿವರ್ಸಿಟಿಯಲ್ಲಿ 1971ರಿಂದ ಆರು ವರ್ಷದ್ದಿದೆ. ನಮ್ಮ ಸಿಇಟಿ ಮನಸ್ಸಿಗೆ ಇದು ಅಮೃತ. ಮಗು ನಿಜವಾಗಿ ಆಸ್ಪತ್ರೆ ನೋಡಿ, ಬೇಕು ಅಂತ ತಾನೇ ಹೇಳಿದ್ದರೆ ಒಳ್ಳೆಯ ದಾರಿ. ಆದರೆ ಮೂರು ವಿಷಯ ಕೇಳಿ. ಜಿಪಿಎ ಎಷ್ಟು ಉಳಿಸಿಕೊಳ್ಳಬೇಕು? ಎಂಕ್ಯಾಟ್ ಬರೆಯಬೇಕೆ? ನಡುವೆ ಮನಸ್ಸು ಬದಲಾದರೆ ಆ ಕಾಲೇಜಿನ ಪದವಿಗೆ ಸ್ವತಂತ್ರವಾಗಿ ಬೆಲೆ ಇದೆಯೇ? ಮೂರನೆಯದಕ್ಕೆ ಉತ್ತರ 'ಇಲ್ಲ' ಆದರೆ, ಗ್ಯಾರಂಟಿ ಅಂದುಕೊಂಡದ್ದೇ ಬೇಲಿಯಾಗುತ್ತದೆ.

ಊರಿಗೆ ಕಳಿಸಿ ಎಂಬಿಬಿಎಸ್ ಮಾಡಿಸಿದರೆ ಹೇಗೆ ಅಂತಲೂ ಕೆಲವರು ಕೇಳುತ್ತಾರೆ. 1953ರಲ್ಲೇ ಮಣಿಪಾಲದಲ್ಲಿ ಖಾಸಗಿ ಮೆಡಿಕಲ್ ಕಾಲೇಜು ಶುರುವಾದ ನಾಡು ನಮ್ಮದು, ಆಸೆ ಸಹಜ. ಆದರೆ 2021ರ ಮಾರ್ಚ್ 4ರ ಅಧಿಸೂಚನೆಯ ಪ್ರಕಾರ ಓಸಿಐ ಮಕ್ಕಳಿಗೆ ಅಲ್ಲಿ ಎನ್‌ಆರ್‌ಐ ಸೀಟು ಮಾತ್ರ. ನೀಟ್ ಬರೆಯಲೇಬೇಕು. ಆ ದಿನಕ್ಕಿಂತ ಮೊದಲೇ ಓಸಿಐ ಪಡೆದವರಿಗೆ 2023ರಲ್ಲಿ ಸುಪ್ರೀಂ ಕೋರ್ಟ್ ರಕ್ಷಣೆ ಕೊಟ್ಟಿದೆ. ನಿಮ್ಮ ಮಗುವಿನ ಕಾರ್ಡಿನ ತಾರೀಖು ನೋಡಿಕೊಳ್ಳಿ. ವಾಪಸ್ಸು ಬಂದ ಮೇಲೆ ರೆಸಿಡೆನ್ಸಿ ಸಿಗುವುದೂ ಸುಲಭವಲ್ಲ. ಇಲ್ಲಿನ ಎಂಡಿ ಶಾಲೆಗಳ ಕೊನೆಯ ವರ್ಷದವರಿಗೆ ಮ್ಯಾಚ್ ಆಗುವ ಪ್ರಮಾಣ ಶೇ. 90ರ ಮೇಲೆ, ಹೊರದೇಶದಲ್ಲಿ ಓದಿದವರಿಗೆ ಶೇ. 60ರ ಆಸುಪಾಸು. ಆ ದಾರಿಯಲ್ಲೇ ಬಂದವನು ನಾನು, ದಾರಿ ಕಲ್ಲುಮುಳ್ಳು ಅಂತ ತಿಳಿದೇ ಹೇಳುತ್ತಿದ್ದೇನೆ.

ಗ್ರೀನ್ ಕಾರ್ಡ್ ಎನ್ನುವ ದೊಡ್ಡ ಪ್ರಶ್ನೆ

ಇದನ್ನು ಸಭೆಗಳಲ್ಲಿ ಯಾರೂ ಗಟ್ಟಿಯಾಗಿ ಕೇಳುವುದಿಲ್ಲ. ಸಭೆ ಮುಗಿದ ಮೇಲೆ ಪಾರ್ಕಿಂಗ್ ಲಾಟಿನಲ್ಲಿ ಮೆಲ್ಲಗೆ ಕೇಳುತ್ತಾರೆ. ಅದಕ್ಕೆ ನಾನೇ ಎತ್ತುತ್ತೇನೆ.

ನಾಲ್ಕೈದು ವರ್ಷದ ಕೂಸಾಗಿ ಎಚ್-4ನಲ್ಲಿ ಬಂದ ಮಗು ಇಲ್ಲೇ ಓದಿ, ಇಲ್ಲೇ ಬೆಳೆದು, ಇಲ್ಲಿಯವಳೇ ಆಗಿದ್ದಾಳೆ. ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಸಾಲು ದಶಕಗಟ್ಟಲೆ ಉದ್ದ. ಇಪ್ಪತ್ತೊಂದು ತುಂಬಿದ ದಿನ ಆಕೆ ಅಪ್ಪ ಅಮ್ಮನ ಅರ್ಜಿಯಿಂದ ಹೊರಗೆ. 2002ರ ಕಾನೂನಿನಲ್ಲಿ ವಯಸ್ಸಿನ ಲೆಕ್ಕದಲ್ಲಿ ಸ್ವಲ್ಪ ರಿಯಾಯಿತಿ ಇದೆ, ಎಲ್ಲರಿಗೂ ಸಾಕಾಗುವುದಿಲ್ಲ. ಇಪ್ಪತ್ತೊಂದು ಅಂದರೆ ಯಾವಾಗ ಸ್ವಾಮಿ? ಸರಿಯಾಗಿ ಮೆಡಿಕಲ್ ಸ್ಕೂಲಿನ ಅರ್ಜಿ ಹಾಕುವ ಹೊತ್ತು!

ಎಫ್-1 ವೀಸಾಗೆ ಬದಲಾದರೆ ಓದು ಮುಂದುವರಿಯುತ್ತದೆ. ಆದರೆ ಬಹಳಷ್ಟು ಮೆಡಿಕಲ್ ಸ್ಕೂಲುಗಳು, ಅದರಲ್ಲೂ ಸರಕಾರಿ ಶಾಲೆಗಳು, ನಾಗರಿಕರು ಮತ್ತು ಗ್ರೀನ್ ಕಾರ್ಡ್ ಇರುವವರನ್ನೇ ತೆಗೆದುಕೊಳ್ಳುತ್ತವೆ. ಫೆಡರಲ್ ಸಾಲವೂ ಸಿಗುವುದಿಲ್ಲ. ತೆಗೆದುಕೊಳ್ಳುವ ಖಾಸಗಿ ಶಾಲೆಗಳಲ್ಲಿ ಕೆಲವು, ವರ್ಷಗಳ ಫೀಯನ್ನು ಮೊದಲೇ ಠೇವಣಿ ಇಡಿ ಅನ್ನುತ್ತವೆ. ಪ್ರತಿವರ್ಷ ಸೇರುವ 23 ಸಾವಿರದಲ್ಲಿ ಹೊರದೇಶದವರ ಸಂಖ್ಯೆ ತೀರಾ ಚಿಕ್ಕದು.

ಹಾಗಂತ ಆಸೆ ಬಿಡಬೇಕೆ? ಇಲ್ಲ. ಆದರೆ ಹತ್ತನೇ ತರಗತಿಯಲ್ಲೇ ಇಮಿಗ್ರೇಶನ್ ವಕೀಲರ ಹತ್ತಿರ ವಯಸ್ಸಿನ ಲೆಕ್ಕ ಮಾಡಿಸಿ. ಅಂಥ ಮಗುವಿಗೆ ಕಾಲೇಜು ಆರಿಸುವಾಗ ಮುಖ್ಯವಾದದ್ದು ಎರಡು. ಒಂದು, ದುಡ್ಡು ಉಳಿಯುವ ಕಾಲೇಜು. ಎರಡು, ಮೆಡಿಕಲ್ ಬಾಗಿಲು ಸದ್ಯಕ್ಕೆ ಮುಚ್ಚಿದರೂ ಬಯೋಮೆಡಿಕಲ್ ಎಂಜಿನಿಯರಿಂಗ್, ಸ್ಟ್ಯಾಟಿಸ್ಟಿಕ್ಸ್, ಪಬ್ಲಿಕ್ ಹೆಲ್ತ್ ಹೀಗೆ ಇನ್ನೊಂದು ಗಟ್ಟಿ ಬಾಗಿಲು ಇರುವ ಕಾಲೇಜು. ಮತ್ತೆ ಮಗುವಿಗೆ ನಿಜ ಹೇಳಿ. ಹದಿನೈದು ವರ್ಷದ ಮಗುವಿಗೆ ಸತ್ಯ ತಡೆದುಕೊಳ್ಳುವ ಶಕ್ತಿ ಇರುತ್ತದೆ. ಇಪ್ಪತ್ತೊಂದಕ್ಕೆ ತಾನಾಗಿ ಗೊತ್ತಾದರೆ ಅದು ಬೇರೆಯೇ ನೋವು.

ಕ್ಯಾಂಪಸ್ ಟೂರಿನಲ್ಲಿ ಏನು ಕೇಳಬೇಕು?

ಟೂರಿಗೆ ಹೋದಾಗ ನಾವು ಕೇಳುವುದು ಹಾಸ್ಟೆಲಿನಲ್ಲಿ ವೆಜಿಟೇರಿಯನ್ ಇದೆಯಾ ಅಂತ. ಅದೂ ಕೇಳಿ. ಜೊತೆಗೆ ಇವನ್ನೂ ಕೇಳಿ.

1. ಪ್ರಿಹೆಲ್ತ್ ಸಲಹೆಗಾರರು ಎಷ್ಟು ಜನ, ಅವರ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳು? ಮೊದಲ ವರ್ಷದಿಂದಲೇ ಸಿಗುತ್ತಾರಾ, ಮೂರನೇ ವರ್ಷದಲ್ಲಾ?

2. 'ನಮ್ಮ ಶೇ. 85 ಮಕ್ಕಳಿಗೆ ಮೆಡಿಕಲ್ ಸಿಕ್ಕಿದೆ' ಅಂತ ಯಾರಾದರೂ ಹೇಳಿದರೆ, ಯಾರಲ್ಲಿ ಶೇ. 85 ಅಂತ ಕೇಳಿ. ಕೆಲವು ಕಾಲೇಜುಗಳು ಸಮಿತಿಯ ಶಿಫಾರಸು ಪತ್ರವನ್ನು ಚೆನ್ನಾಗಿ ಮಾಡಿದವರಿಗೆ ಮಾತ್ರ ಕೊಡುತ್ತವೆ. ಉಳಿದವರು ಅರ್ಜಿಯನ್ನೇ ಹಾಕದಿದ್ದರೆ ಶೇಕಡಾವಾರು ತಾನಾಗಿ ಏರುತ್ತದೆ.

3. ಆರ್ಗ್ಯಾನಿಕ್ ಕೆಮಿಸ್ಟ್ರಿ ಕ್ಲಾಸಿನಲ್ಲಿ ಎಷ್ಟು ಜನ? ಕಷ್ಟವಾದರೆ ಹೇಳಿಕೊಡುವವರು ಯಾರು? ಪ್ರೊಫೆಸರಿಗೆ ನಿಮ್ಮ ಮಗುವಿನ ಹೆಸರು ಗೊತ್ತಿರುತ್ತದಾ? ನಾಳೆ ಶಿಫಾರಸು ಪತ್ರ ಬರೆಯಬೇಕಾದವರು ಅವರೇ.

4. ಆಸ್ಪತ್ರೆ, ಉಚಿತ ಕ್ಲಿನಿಕ್ ಎಷ್ಟು ದೂರ? ಕಾರಿಲ್ಲದ ಮಗು ಬಸ್ಸಿನಲ್ಲಿ ಹೋಗಬಹುದಾ? ಈ ವಿಷಯದಲ್ಲಿ ಟ್ರಯಾಂಗಲ್ ಮೀರಿಸುವ ಊರು ಕಡಿಮೆ. ಡ್ಯೂಕ್, ಚಾಪೆಲ್ ಹಿಲ್, ವೇಕ್‌ಮೆಡ್ ಆಸ್ಪತ್ರೆಗಳಿವೆ, ಬಡವರಿಗಾಗಿ ರಾಲಿಯ ಓಪನ್ ಡೋರ್ ಕ್ಲಿನಿಕ್ ಇದೆ. ಪಾರ್ಕಿನೊಳಗೇ ಎನ್‌ಐಎಚ್‌ನ ಪರಿಸರ ಆರೋಗ್ಯ ಸಂಸ್ಥೆ ಇದೆ, ನಿಮ್ಮ ಆಫೀಸಿನ ಪಕ್ಕದಲ್ಲೇ.

5. ಮೇಜರ್ ಏನು ಬೇಕಾದರೂ ಆಗಬಹುದಾ? ಬಯಾಲಜಿಯೇ ಆಗಬೇಕು ಅನ್ನುವ ನಿಯಮ ಮೆಡಿಕಲ್ ಸ್ಕೂಲುಗಳಲ್ಲಿ ಇಲ್ಲ. ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಯಾಲಜಿಯವರು ನಿಜ. ಆದರೆ ಸಾಹಿತ್ಯ, ಇತಿಹಾಸ ಓದಿ ಅರ್ಜಿ ಹಾಕಿದವರಿಗೆ ಸೀಟು ಸಿಗುವ ಪ್ರಮಾಣ ಬಯಾಲಜಿಯವರಿಗಿಂತ ಕಡಿಮೆ ಇಲ್ಲ. ಬೇಕಾದ ಸೈನ್ಸ್ ಕೋರ್ಸುಗಳನ್ನು ಮಾಡಿರಬೇಕು, ಅಷ್ಟೇ.

ಇನ್ನೊಂದು ಮಾತು. 2023ರ ಜೂನ್‌ನಲ್ಲಿ ಹಾರ್ವರ್ಡ್ ಮತ್ತು ನಮ್ಮ ಚಾಪೆಲ್ ಹಿಲ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿ ನಿಲ್ಲಿಸಿತು. 'ಇನ್ನು ನಮ್ಮ ಮಕ್ಕಳಿಗೆ ಸುಲಭ' ಅಂತ ಆಗ ವಾಟ್ಸಾಪ್‌ನಲ್ಲಿ ಸಿಹಿ ಹಂಚಿದವರಿದ್ದಾರೆ. ಸೀಟಿನ ಸಂಖ್ಯೆ ಹೆಚ್ಚಾಗಿಲ್ಲ, ಓದುವುದು ತಪ್ಪಿಲ್ಲ. ಆ ಲೆಕ್ಕದ ಮೇಲೆ ಕಾಲೇಜು ಆರಿಸಬೇಡಿ.

ಕನ್ನಡ ಎಲ್ಲಿ ಬಂತು?

ಈ ಬಳಗದಲ್ಲಿ ಮಾತಾಡಿ ಕನ್ನಡದ ಬಗ್ಗೆ ಹೇಳದಿದ್ದರೆ ಬಿಡುತ್ತೀರಾ? ಆದರೆ ಇದು ಭಾವನೆಯ ಮಾತಲ್ಲ, ಕಸುಬಿನ ಮಾತು.

ಬೇಸಿಗೆಯಲ್ಲಿ ಊರಿಂದ ಬಂದ ಅಜ್ಜ ಅಜ್ಜಿಯರು ಎಮರ್ಜೆನ್ಸಿಗೆ ಬರುತ್ತಾರೆ. 'ಹೊಟ್ಟೆ ಉರೀತಿದೆ' ಅನ್ನುತ್ತಾರೆ. ನಮ್ಮಲ್ಲಿ ಹೊಟ್ಟೆ ಉರಿಗೆ ಎಷ್ಟು ಅರ್ಥ ಅಂತ ನಿಮಗೇ ಗೊತ್ತು. 'ಎದೆ ಉರಿ' ಬೇರೆ, 'ಎದೆ ಹಿಡಿದ ಹಾಗಿದೆ' ಬೇರೆ. ಮೊದಲನೆಯದಕ್ಕೆ ಆಮ್ಲದ ಮಾತ್ರೆ ಸಾಕಾಗಬಹುದು, ಎರಡನೆಯದಕ್ಕೆ ತಕ್ಷಣ ಇಸಿಜಿ ಬೇಕು. 'ಸಂಕಟ' ಅಂದರೆ ವಾಂತಿ ಬರುವ ಹಾಗೋ, ಉಸಿರು ಕಟ್ಟುವ ಹಾಗೋ, ಮನಸ್ಸಿಗೆ ಬೇಜಾರೋ? ಫೋನಿನ ಆಚೆ ಇರುವ ದುಭಾಷಿಗೆ ಮೈಸೂರಿನ ಕನ್ನಡ ಗೊತ್ತಿದ್ದರೆ ಧಾರವಾಡದ ಕನ್ನಡ ಅರ್ಥವಾಗದೇ ಇರಬಹುದು. ಅಂಥ ಹೊತ್ತಿನಲ್ಲಿ ಹಾಸಿಗೆ ಪಕ್ಕ ಕೂತು 'ಅಜ್ಜಿ, ಎಲ್ಲಿ, ಹೇಗೆ ನೋಯುತ್ತೆ ಹೇಳಿ' ಅಂತ ಕೇಳುವ ಒಬ್ಬ ಕಿರಿಯ ಡಾಕ್ಟರ್ ಇದ್ದರೆ ರೋಗ ಅರ್ಧ ತಿಳಿದ ಹಾಗೆ.

ಅದಕ್ಕೆ ಹೇಳುತ್ತೇನೆ, ಎಂಕ್ಯಾಟ್ ಕೋಚಿಂಗಿಗೆ ಸಾವಿರಾರು ಡಾಲರ್ ಕೊಡುವ ನಾವು ಮನೆಯಲ್ಲಿ ದಿನಾ ಅರ್ಧ ಗಂಟೆ ಕನ್ನಡ ಮಾತಾಡಬಹುದು. ಅದಕ್ಕೆ ಫೀ ಇಲ್ಲ. ಮೆಡಿಕಲ್ ಸ್ಕೂಲಿನ ಸಂದರ್ಶನದಲ್ಲಿ 'ನಾನು ಯಾಕೆ ಡಾಕ್ಟರ್ ಆಗಬೇಕು' ಅನ್ನುವುದಕ್ಕೆ ಎಲ್ಲರೂ ಒಂದೇ ಉತ್ತರ ಹೇಳುವಾಗ, ತನ್ನ ಅಜ್ಜನ ಮಾತನ್ನು ನರ್ಸಿಗೆ ತಿಳಿಸಿ ಹೇಳಿದ ಮಗುವಿನ ಉತ್ತರ ಬೇರೆಯೇ ಆಗಿರುತ್ತದೆ. ಅದು ಹೇಳಿಕೊಟ್ಟು ಬರುವಂಥದ್ದಲ್ಲ.

ಕೊನೆಯ ಮಾತು

ಡಾಕ್ಟರ್ ಆಗುತ್ತೇನೆ ಅಂತ ಹೊರಟ ಮಕ್ಕಳಲ್ಲಿ ಬಹಳ ಜನ ಡಾಕ್ಟರ್ ಆಗುವುದಿಲ್ಲ. ಇದು ಸೋಲಲ್ಲ, ಹೀಗೇ ನಡೆಯುವುದು. ಆದರೆ ನಮ್ಮ ಬಳಗದಲ್ಲಿ ಎರಡನೇ ವರ್ಷದಲ್ಲಿ ದಾರಿ ಬದಲಿಸಿದ ಮಗು, ಅದನ್ನು ಮನೆಯಲ್ಲಿ ಹೇಳಲು ಒಂದು ವರ್ಷ ತೆಗೆದುಕೊಳ್ಳುತ್ತದೆ. ಆ ಒಂದು ವರ್ಷ ಹಾಸ್ಟೆಲಿನಲ್ಲಿ ಒಬ್ಬಳೇ ಕೂತು ಅಳುತ್ತದೆ. ಯುಗಾದಿಗೆ ಬಂದಾಗ ಎಲ್ಲ ಚೆನ್ನಾಗಿದೆ ಅಂತ ನಗುತ್ತದೆ. ಇದನ್ನು ಮಾತ್ರ ಆಗಗೊಡಬೇಡಿ. ಇವತ್ತು ಮನೆಗೆ ಹೋಗಿ ಒಂದು ವಾಕ್ಯ ಹೇಳಿ: 'ನೀನು ಡಾಕ್ಟರ್ ಆಗದಿದ್ದರೂ ಈ ಮನೆಯಲ್ಲಿ ನಿನ್ನ ಜಾಗ ಬದಲಾಗುವುದಿಲ್ಲ.' ಇಂಗ್ಲಿಷಿನಲ್ಲಾದರೂ ಸರಿ, ಕನ್ನಡದಲ್ಲಾದರೆ ಇನ್ನೂ ಒಳ್ಳೆಯದು.

ಆದ್ದರಿಂದ ಒಳ್ಳೆಯ ಪ್ರಿಮೆಡ್ ಕಾಲೇಜು ಅಂದರೆ ನನ್ನ ಪ್ರಕಾರ ಇಷ್ಟೇ. ಮಗು ಚೆನ್ನಾಗಿ ಓದಬಲ್ಲ, ಚೆನ್ನಾಗಿ ನಿದ್ದೆ ಮಾಡಬಲ್ಲ ಕಾಲೇಜು. ಎಂಟು ವರ್ಷದ ಲೆಕ್ಕ ಹಾಕಿದರೂ ಮನೆ ಮುಳುಗದ ಕಾಲೇಜು. ಮನಸ್ಸು ಬದಲಾದರೆ ಅದೇ ಕ್ಯಾಂಪಸ್ಸಿನಲ್ಲಿ ಇನ್ನೊಂದು ಕಟ್ಟಡಕ್ಕೆ ನಡೆದು ಹೋಗಬಹುದಾದ ಕಾಲೇಜು. ಅದು ಡ್ಯೂಕ್ ಆಗಿರಬಹುದು, ಎನ್‌ಸಿ ಸ್ಟೇಟ್ ಆಗಿರಬಹುದು, ಎರಡು ವರ್ಷ ವೇಕ್ ಟೆಕ್ ಆಗಿ ಆಮೇಲೆ ಚಾಪೆಲ್ ಹಿಲ್ ಆಗಿರಬಹುದು. ಆರಿಸುವಾಗ ಪೆನ್ನು ಮಗುವಿನ ಕೈಯಲ್ಲಿರಲಿ, ಕ್ಯಾಲ್ಕುಲೇಟರ್ ನಿಮ್ಮ ಕೈಯಲ್ಲಿರಲಿ.

ಕಾಫಿ ಬಿಸಿಯಾಗಿದೆ ಅಂತ ಹಿಂದಿನಿಂದ ಸನ್ನೆ ಬರುತ್ತಿದೆ. ಪ್ರಶ್ನೆಗಳಿದ್ದರೆ ಇಲ್ಲೇ ಗಟ್ಟಿಯಾಗಿ ಕೇಳಿ, ಪಾರ್ಕಿಂಗ್ ಲಾಟಿಗೆ ಉಳಿಸಿಕೊಳ್ಳಬೇಡಿ. ನಿಮ್ಮ ಪ್ರಶ್ನೆ ಇನ್ನು ಹತ್ತು ಮನೆಯ ಪ್ರಶ್ನೆಯೂ ಆಗಿರುತ್ತದೆ.